ಕುತ್ತಿಗೆ ತಿರುವುವ ಕೈಗೊಂದು ನೋಂದಣಿ ಸಂಖ್ಯೆ ಬೇಡವೇ? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ನನ್ನ ಮೇಜಿನ ಖಾನೆಯಲ್ಲಿ ಹದಿನೆಂಟು ಸಾವಿರ ರೂಪಾಯಿಯ ಒಂದು ರಸೀದಿ ಇದೆ; ಬೆನ್ನು, ಕುತ್ತಿಗೆಯ ಮೂಳೆಗಳನ್ನು ಕೈಯಿಂದಲೇ ಸರಿಮಾಡುತ್ತೇವೆ ಎನ್ನುವ ಕೈರೊಪ್ರಾಕ್ಟಿಕ್ ಕೇಂದ್ರದ್ದು. ಮೇಲ್ಗಡೆ ಬೆನ್ನುಮೂಳೆಯ ಚಿತ್ರ, ಕೆಳಗಡೆ ‘ಹಣ ಹಿಂದಿರುಗಿಸಲಾಗುವುದಿಲ್ಲ’ ಎಂಬ ಸಾಲು, ನಡುವೆ ‘ವೆಲ್‌ನೆಸ್ ಪ್ಯಾಕೇಜ್, 24 ಸಿಟ್ಟಿಂಗ್’. ನನ್ನ ಕುತ್ತಿಗೆಯನ್ನು ಎರಡು ದಿನ ತಿರುವಿದವರ ಹೆಸರು ಅದರಲ್ಲಿಲ್ಲ. ಅವರು ಏನು ಓದಿದ್ದಾರೆ, ಯಾವ ಮಂಡಳಿಯಲ್ಲಿ ನೋಂದಣಿಯಾಗಿದ್ದಾರೆ ಎಂಬುದೂ ಇಲ್ಲ. ನಮ್ಮ ಬೀದಿಯ ಕೊನೆಯ ಔಷಧಿ ಅಂಗಡಿಯವರು ಹತ್ತು ಮಾತ್ರೆಗೆ ಕೊಡುವ ಬಿಲ್ಲಿನಲ್ಲೂ ಲೈಸೆನ್ಸ್ ನಂಬರು ಅಚ್ಚಾಗಿರುತ್ತದೆ.

ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ 29 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಉತ್ತರ ಪತ್ರಿಕೆಗಳ ಮೇಲೆ ಬಗ್ಗಿ ಬಗ್ಗಿ ಸವೆದ ಕುತ್ತಿಗೆ ನನ್ನದು. ಚಳಿ ಬಂತೆಂದರೆ ಹಿಡಿದುಕೊಳ್ಳುತ್ತದೆ, ದಿಂಬು ಬದಲಾದರೆ ಹಿಡಿದುಕೊಳ್ಳುತ್ತದೆ, ಬಸ್ಸಿನಲ್ಲಿ ತೂಕಡಿಸಿದರಂತೂ ಮೂರು ದಿನ ಬಿಡುವುದಿಲ್ಲ. ಕಳೆದ ವರ್ಷ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಗ ಅವಳ ಮೊಬೈಲಿನಲ್ಲಿ ಒಂದು ವಿಡಿಯೊ ಕಂಡಿತು. ಒಬ್ಬರು ಮಲಗಿದವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸರಕ್ಕನೆ ತಿರುವಿದರು, ನೆಟಿಕೆ ಮುರಿದ ಸದ್ದಾಯಿತು, ಮಲಗಿದ್ದವರು ಎದ್ದು ಕಣ್ಣೀರು ಒರೆಸಿಕೊಂಡು ನಕ್ಕರು. ನೋವಿದ್ದವರಿಗೆ ಅಷ್ಟು ಸಾಕು. ಮಾರನೆಯ ದಿನವೇ ಅಂಥದ್ದೊಂದು ಕೇಂದ್ರದ ಗಾಜಿನ ಬಾಗಿಲು ತಳ್ಳಿದೆ.

ಒಳಗೆ ಪ್ಲಾಸ್ಟಿಕ್ ಅಸ್ಥಿಪಂಜರ, ಲ್ಯಾವೆಂಡರ್ ವಾಸನೆ, ಬಿಳಿ ಕೋಟು. ಕುತ್ತಿಗೆಯ ಹಿಂಭಾಗದಲ್ಲಿ ಒಂದು ಚಿಕ್ಕ ಉಪಕರಣವನ್ನು ಮೇಲೆ ಕೆಳಗೆ ಆಡಿಸಿ, ಎಡ ಬಲಗಳ ಶಾಖ ಅಳೆಯುತ್ತಿದ್ದೇವೆ ಎಂದರು. ನಂತರ ಎಕ್ಸ್‌ರೇ. ಅದರ ಮೇಲೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದು ಹೇಳಿದರು: ‘ಕುತ್ತಿಗೆಯ ಮೇಲ್ತುದಿಯ ಮೂಳೆ, ನಿಮ್ಮ ಅಟ್ಲಾಸ್, ಮೂರು ಡಿಗ್ರಿ ವಾಲಿದೆ. ಮೆದುಳಿನ ಕಾಂಡವನ್ನು ಒತ್ತುತ್ತಿದೆ. ನಿಮ್ಮ ಬಿಪಿ, ನಿದ್ದೆಗೇಡು, ಹೊಟ್ಟೆಯುಬ್ಬರ, ಎಲ್ಲದರ ಮೂಲ ಇಲ್ಲಿದೆ.’ 29 ವರ್ಷ ನರವ್ಯೂಹದ ಪಾಠ ಮಾಡಿದ ನಾನು ತಲೆಯಾಡಿಸಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನೋವು ಎಂಬುದು ವಿದ್ಯೆಯನ್ನು ಬದಿಗೆ ಸರಿಸಿ ಕೂತುಬಿಡುತ್ತದೆ.

ಮಲಗಿಸುವ ಮೊದಲು ನನ್ನ ರವಿಕೆಯ ಅಂಚಿಗೆ ಪುಟ್ಟ ಮೈಕ್ ಸಿಕ್ಕಿಸಿದರು. ಯಾಕೆ ಎಂದು ಕೇಳಿದೆ. ಸದ್ದು ಚೆನ್ನಾಗಿ ರೆಕಾರ್ಡ್ ಆಗಲಿ ಎಂದು, ಅಂದರು. ಅಪಾಯ ಏನಾದರೂ ಇದೆಯೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೈಕಿಗೆ ಒಪ್ಪಿಗೆ ಕೇಳಿದರು, ಕುತ್ತಿಗೆಗೆ ಕೇಳಲಿಲ್ಲ.

ಎರಡನೆಯ ಸಲ ತಿರುವಿಸಿಕೊಂಡು ಬಂದ ಸಂಜೆ ಅಡುಗೆಮನೆಯ ಗೋಡೆ ಓರೆಯಾಯಿತು. ಸಿಂಕಿನ ಅಂಚು ಹಿಡಿದು ನಿಂತೆ. ರಾತ್ರಿಯೆಲ್ಲ ಮಂಚ ತೇಲಿದ ಹಾಗೆ. ಬೆಳಿಗ್ಗೆ ಆಸ್ಪತ್ರೆಗೆ ಹೋದೆವು; ಎಂಆರ್‌ಐ ಮಾಡಿದರು. ರಕ್ತನಾಳ ಹರಿದಿರಲಿಲ್ಲ. ಎರಡು ದಿನದಲ್ಲಿ ತಲೆಸುತ್ತು ಇಳಿಯಿತು. ನರರೋಗ ತಜ್ಞೆ ಕೇಸ್ ಪೇಪರಿನಲ್ಲಿ ಬರೆದುಕೊಳ್ಳಲು ಕೇಳಿದರು, ‘ಯಾರು ಮಾಡಿದ್ದು?’ ಡಾಕ್ಟರು ಎಂದೆ. ‘ಯಾವ ಡಾಕ್ಟರು?’ ನನಗೆ ಗೊತ್ತಿರಲಿಲ್ಲ. ಅವರು ಆ ಜಾಗವನ್ನು ಖಾಲಿ ಬಿಟ್ಟರು.

ನನಗೆ ಏನೂ ಆಗಲಿಲ್ಲ, ಆದ್ದರಿಂದ ಇದು ಪರಿಹಾರ ಕೇಳುವ ಪತ್ರವಲ್ಲ. ಆ ಖಾಲಿ ಜಾಗವನ್ನು ತುಂಬಿಸಿಕೊಡಿ ಎಂದು ಕೇಳುವ ಪತ್ರ.

ಮೊದಲು ಆ ಕೇಂದ್ರದವರು ಹೆಸರಿಸಿದ ಅಟ್ಲಾಸ್, ಅದರ ಕೆಳಗಿನ ಆಕ್ಸಿಸ್, ಈ ಎರಡು ಮೂಳೆಗಳ ವಿಷಯ ಹೇಳಿಬಿಡುತ್ತೇನೆ. ಮೇಷ್ಟ್ರ ಚಟ, ಕ್ಷಮಿಸಿ. ಮನುಷ್ಯನ ಕುತ್ತಿಗೆಯಲ್ಲಿ ಏಳು ಕಶೇರುಕಗಳಿವೆ. ಜಿರಾಫೆಗೂ ಏಳೇ ಎಂದರೆ ಮಕ್ಕಳು ಎಂದೂ ನಂಬುತ್ತಿರಲಿಲ್ಲ. ಮೇಲಿನದಕ್ಕೆ ಅಟ್ಲಾಸ್ ಎಂದು ಹೆಸರು, ಗ್ರೀಕರ ಪುರಾಣದಲ್ಲಿ ಆಕಾಶ ಹೊತ್ತವನ ಹೆಸರು. ನಮ್ಮವರು ಹೆಸರಿಟ್ಟಿದ್ದರೆ ಆದಿಶೇಷ ಎನ್ನುತ್ತಿದ್ದರೇನೋ. ಅದು ಬಳೆಯ ಹಾಗಿನ ಮೂಳೆ. ಅದರ ಕೆಳಗಿನ ಆಕ್ಸಿಸ್‌ನಿಂದ ಒಂದು ಗೂಟ ಮೇಲೆದ್ದು ಆ ಬಳೆಯೊಳಗೆ ನಿಲ್ಲುತ್ತದೆ. ಬೀಸುವ ಕಲ್ಲಿನ ನಡುಗೂಟವನ್ನು ನೆನಪಿಸಿಕೊಳ್ಳಿ. ಮೇಲಿನ ಕಲ್ಲು ತಿರುಗುವುದು ಆ ಗೂಟದ ಸುತ್ತ. ‘ಬೇಡ’ ಎಂದು ನಾವು ತಲೆಯಾಡಿಸುವಾಗ ಕುತ್ತಿಗೆಯ ಒಟ್ಟು ತಿರುವಿನ ಸುಮಾರು ಅರ್ಧ ಈ ಒಂದು ಜೋಡಿಯಲ್ಲೇ ನಡೆಯುತ್ತದೆ.

ಇಷ್ಟೊಂದು ತಿರುಗುವ ಜಾಗದಲ್ಲಿ, ಮೆದುಳಿನಿಂದ ಬೆನ್ನುಮೂಳೆಯೊಳಗೆ ಇಳಿಯುವ ಮಿದುಳುಬಳ್ಳಿ ಹೇಗೆ ಬದುಕಿದೆ? ಅದಕ್ಕೆ ಅಲ್ಲಿ ಧಾರಾಳ ಜಾಗವಿದೆ. ಅಟ್ಲಾಸ್ ಬಳೆಯ ಒಳಗಿನ ಅಗಲವನ್ನು ಮೂರು ಪಾಲು ಮಾಡಿದರೆ ಒಂದು ಪಾಲು ಗೂಟಕ್ಕೆ, ಒಂದು ಪಾಲು ಮಿದುಳುಬಳ್ಳಿಗೆ, ಉಳಿದ ಒಂದು ಪಾಲು ಖಾಲಿ ಎಂದು ಮೂಳೆ ವೈದ್ಯರು ಕಲಿಯುತ್ತಾರೆ. ಮೂರು ಡಿಗ್ರಿ ವಾಲಿದರೆ ಮೆದುಳಿನ ಕಾಂಡ ಅಪ್ಪಚ್ಚಿಯಾಗುವಂತಿದ್ದರೆ ಬಾವಿಗೆ ಇಣುಕಿದವರೆಲ್ಲ ಅಲ್ಲೇ ಬೀಳಬೇಕಾಗಿತ್ತು. ಅಲ್ಲದೆ ಯಾರ ಮೂಳೆಯೂ ಎಡ ಬಲ ಕನ್ನಡಿ ಹಿಡಿದಂತೆ ಸಮನಾಗಿರುವುದಿಲ್ಲ. ಎಕ್ಸ್‌ರೇ ತೆಗೆಯುವಾಗ ಗಲ್ಲ ಒಂದಿಷ್ಟು ಓರೆಯಾದರೂ ಗೆರೆ ಓರೆಯಾಗುತ್ತದೆ. ನನ್ನ ಮೂರು ಡಿಗ್ರಿ ನನ್ನ ಮೂಳೆಯದೋ, ನಾನು ನಿಂತ ಭಂಗಿಯದೋ, ಅವರ ಪೆನ್ನಿನದೋ?

ಅಟ್ಲಾಸ್ ನಿಜವಾಗಿಯೂ ಸರಿಯುವ ರೋಗಗಳಿವೆ. ಸಂಧಿವಾತ ಹಳೆಯದಾದಾಗ, ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ, ಅಪಘಾತದಲ್ಲಿ, ಹುಟ್ಟಿನಿಂದಲೇ ಆ ಕೀಲು ಸಡಿಲವಾಗಿರುವವರಲ್ಲಿ. ನಮ್ಮ ದೇಶದ ನರಶಸ್ತ್ರ ಚಿಕಿತ್ಸಕರಿಗೆ ಇದು ಹೊಸದಲ್ಲ. ಮುಂಬೈನ ಕೆಇಎಂ ಆಸ್ಪತ್ರೆಯ ಡಾ. ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದ, ಆ ಎರಡು ಮೂಳೆಗಳನ್ನು ತಟ್ಟೆ ಮತ್ತು ಸ್ಕ್ರೂಗಳಿಂದ ಬಿಗಿಯುವ ವಿಧಾನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅಂದರೆ ಅಟ್ಲಾಸ್ ನಿಜಕ್ಕೂ ಸರಿದಿದ್ದರೆ ಅದಕ್ಕೆ ಬೇಕಾದದ್ದು ಶಸ್ತ್ರಚಿಕಿತ್ಸಕರ ಸಲಹೆ. ಅಂಥ ಕುತ್ತಿಗೆಯನ್ನು ಯಾರೂ ತಿರುವಕೂಡದು. ಸರಿದಿಲ್ಲದಿದ್ದರೆ ಸರಿಪಡಿಸಲು ಅಲ್ಲಿ ಏನೂ ಇಲ್ಲ. ‘ನಿಮ್ಮ ಅಟ್ಲಾಸ್ ಸರಿದಿದೆ, ಬನ್ನಿ ತಿರುವುತ್ತೇವೆ’ ಎಂಬ ಮಾತು ಎರಡೂ ದಾರಿಯಲ್ಲಿ ನಿಲ್ಲುವುದಿಲ್ಲ.

ಈ ವಿದ್ಯೆ ಹುಟ್ಟಿದ ಕಥೆಯೂ ಕುತೂಹಲದ್ದೇ. ಕೆನಡಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಜೇನು ಸಾಕಿದ್ದರು, ದಿನಸಿ ಅಂಗಡಿ ಇಟ್ಟಿದ್ದರು, ನನ್ನ ಹಾಗೆ ಮೇಷ್ಟ್ರೂ ಆಗಿದ್ದರು. ಕೊನೆಗೆ ಅಯಸ್ಕಾಂತೀಯ ಶಕ್ತಿಯ ಚಿಕಿತ್ಸೆ ಎಂದು ಅಯೋವಾದ ಡ್ಯಾವನ್‌ಪೋರ್ಟ್ ಊರಿನಲ್ಲಿ ಕೂತರು. 1895ರ ಸೆಪ್ಟೆಂಬರ್ 18ರಂದು ಅದೇ ಕಟ್ಟಡ ಗುಡಿಸುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬವರ ಬೆನ್ನಿನ ಗಂಟೊಂದನ್ನು ಒತ್ತಿದಾಗ ಅವರ ಕಿವುಡು ಹೋಯಿತು ಎಂದು ಪಾಮರ್ ಹೇಳಿಕೊಂಡರು. ಕೇಳಿಸುವ ನರ ಒಳಗಿವಿಯಿಂದ ನೇರವಾಗಿ ಮೆದುಳಿನ ಕಾಂಡಕ್ಕೆ ಹೋಗುತ್ತದೆ. ಬೆನ್ನಿನ ದಾರಿಯನ್ನೇ ತುಳಿಯುವುದಿಲ್ಲ. ನನ್ನ ಹತ್ತನೆಯ ತರಗತಿಯ ಮಕ್ಕಳೂ ಕೈ ಎತ್ತಿ ಕೇಳುತ್ತಿದ್ದ ಪ್ರಶ್ನೆ ಇದು. ಆದರೂ ಅಲ್ಲಿಂದ ಒಂದು ಸಿದ್ಧಾಂತ ಬೆಳೆಯಿತು: ಮೂಳೆ ತುಸು ಜರುಗಿ ನರ ಒತ್ತಿದರೆ ರೋಗ, ಒತ್ತು ಬಿಡಿಸಿದರೆ ಗುಣ. ಹೆಸರು ಕೈರೊಪ್ರಾಕ್ಟಿಕ್. ಗ್ರೀಕಿನಲ್ಲಿ ಅದರ ಮೊದಲ ಪದಕ್ಕೆ ಕೈ ಎಂದೇ ಅರ್ಥವಂತೆ. ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಮಗ ಬಿ. ಜೆ. ಪಾಮರ್ ಅಪ್ಪನಿಗಿಂತ ಜಾಣ ವ್ಯಾಪಾರಿ. 1924ರಲ್ಲಿ ಬೆನ್ನಿನ ಎರಡು ಬದಿಯ ಶಾಖದ ವ್ಯತ್ಯಾಸ ಅಳೆಯುವ ಒಂದು ಉಪಕರಣ ತಂದರು. ಅದನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು. ನನ್ನ ಕುತ್ತಿಗೆಯ ಮೇಲೆ ಆಡಿಸಿದ್ದು ಅದರ ಮರಿಮಗ. 1930ರ ದಶಕದಲ್ಲಿ ಅವರು ಇನ್ನೂ ಮುಂದೆ ಹೋಗಿ, ಇಡೀ ಬೆನ್ನು ಬೇಡ, ಮೇಲಿನ ಎರಡು ಮೂಳೆ ಸರಿಮಾಡಿದರೆ ಸಾಕು ಎಂದರು. ಗಾಲ್ಫ್ ಆಟದಲ್ಲಿ ಒಂದೇ ಏಟಿಗೆ ಚೆಂಡನ್ನು ಕುಳಿಗೆ ಹಾಕುವುದಕ್ಕೆ ಏನೆನ್ನುತ್ತಾರೋ ಅದನ್ನೇ, ‘ಹೋಲ್ ಇನ್ ಒನ್’ ಎಂದೇ ಹೆಸರಿಟ್ಟರು. ಇವತ್ತಿನ ಮೇಲ್ಗುತ್ತಿಗೆಯ ಪಂಥಗಳೆಲ್ಲ ಆ ಬೇರಿನ ಕೊಂಬೆಗಳು.

ಒಂದು ನ್ಯಾಯದ ಮಾತನ್ನು ಇಲ್ಲೇ ಹೇಳಬೇಕು. ಅಮೆರಿಕದಲ್ಲಿ ಇದನ್ನು ಓದುವವರು ಸುಮಾರು 4,200 ಗಂಟೆಗಳ ಕಲಿಕೆ ಮುಗಿಸಿ ಪರವಾನಗಿ ಪಡೆಯುತ್ತಾರೆ. 1913ರಲ್ಲಿ ಕ್ಯಾನ್ಸಸ್‌ನಿಂದ ಶುರುವಾದ ಕಾನೂನು 1974ರಲ್ಲಿ ಲೂಸಿಯಾನ ಸೇರುವುದರೊಂದಿಗೆ ಅಲ್ಲಿನ ಎಲ್ಲ ರಾಜ್ಯಗಳಿಗೂ ಹಬ್ಬಿತು. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಂತೆ ಒಂದು ಮಂಡಳಿಯೇ ಇದೆ. ಮೇಲ್ಗುತ್ತಿಗೆಯ ಕೆಲವು ಪಂಥದವರು ಕುತ್ತಿಗೆಯನ್ನು ತಿರುವುವುದೂ ಇಲ್ಲ. ಕಿವಿಯ ಕೆಳಗೆ ಹಗುರವಾಗಿ ಒತ್ತುತ್ತಾರೆ, ಅಷ್ಟೆ. ಅದರಿಂದ ರಕ್ತನಾಳಕ್ಕೆ ಅಪಾಯ ಎಂದು ನಾನು ಹೇಳುವುದಿಲ್ಲ. ಸೊಂಟನೋವಿಗೆ, ಕುತ್ತಿಗೆ ನೋವಿಗೆ ಕೈಯ ಚಿಕಿತ್ಸೆಯಿಂದ ಒಂದಿಷ್ಟು ಉಪಶಮನ ಸಿಗುತ್ತದೆ ಎಂಬುದಕ್ಕೂ ಅಧ್ಯಯನಗಳಿವೆ. ಆದರೆ ಸರಕ್ಕನೆ ತಿರುವಿದರೂ, ಮೆಲ್ಲಗೆ ಕೀಲು ಆಡಿಸಿದರೂ ಕುತ್ತಿಗೆ ನೋವಿನ ಫಲ ಹೆಚ್ಚುಕಡಿಮೆ ಒಂದೇ ಎಂಬುದೂ ಆ ಅಧ್ಯಯನಗಳಲ್ಲೇ ಇದೆ. ಮೆಲ್ಲಗೆ ಆಗುವ ಕೆಲಸಕ್ಕೆ ಸರಕ್ಕನೆ ಯಾಕೆ? ಸದ್ದಿಗಾಗಿ.

ಆ ಸದ್ದು ಮೂಳೆ ತನ್ನ ಜಾಗಕ್ಕೆ ಕೂತದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಒಮ್ಮೆಲೇ ಇಳಿದಾಗ ಗಾಳಿಯ ಗುಳ್ಳೆ ಏರ್ಪಡುತ್ತದೆ. ಬೆರಳಿನ ನೆಟಿಕೆಯನ್ನು 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಒಳಗೆ ಹಿಡಿದು ತೋರಿಸಿದ್ದಾರೆ. ನಮ್ಮಜ್ಜಿ ನನ್ನ ಕೆನ್ನೆ ಸವರಿ ತಮ್ಮ ಕಣತಲೆಗೆ ಬೆರಳು ಒತ್ತಿ ನೆಟಿಕೆ ಮುರಿಯುತ್ತಿದ್ದರು. ಎಷ್ಟು ಸದ್ದು ಬಂದರೆ ಅಷ್ಟು ದೃಷ್ಟಿ ತಗುಲಿತ್ತು ಎಂದು ಲೆಕ್ಕ. ಬಿಳಿ ಕೋಟಿನವರ ಲೆಕ್ಕವೂ ಅದೇ. ವ್ಯತ್ಯಾಸವೆಂದರೆ ಅಜ್ಜಿ ತಮ್ಮ ಬೆರಳನ್ನು ಮುರಿದುಕೊಳ್ಳುತ್ತಿದ್ದರು, ನನ್ನ ಕುತ್ತಿಗೆಯನ್ನಲ್ಲ, ಮತ್ತು ದುಡ್ಡು ಕೇಳುತ್ತಿರಲಿಲ್ಲ.

ನರದ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ‘ನರ’ ಎಂಬ ಪದ ಬಹಳ ಉದಾರಿ. ಮೆದುಳಿನ ಸಂದೇಶ ಒಯ್ಯುವ ತಂತುವೂ ನರ, ಕೈಯಲ್ಲಿ ಉಬ್ಬಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯಲ್ಲಿ ಎಳೆದುಕೊಳ್ಳುವ ಸ್ನಾಯುರಜ್ಜುವೂ ನರ. ‘ನರ ಹಿಡಿದಿದೆ’, ‘ನರ ಸಿಕ್ಕದೆ ನಾಲ್ಕು ಸಲ ಚುಚ್ಚಿದರು’, ‘ನರದೌರ್ಬಲ್ಯ’, ಎಲ್ಲಕ್ಕೂ ಒಂದೇ ಪದ. ಶಾಲೆಯಲ್ಲಿ ಇದನ್ನು ಬಿಡಿಸುವುದಕ್ಕೇ ನನಗೆ ಒಂದು ಪೀರಿಯಡ್ ಹಿಡಿಯುತ್ತಿತ್ತು. ಆದ್ದರಿಂದ ‘ನಿಮ್ಮ ನರ ಸರಿಮಾಡುತ್ತೇವೆ’ ಎಂಬ ಬೋರ್ಡು ಕನ್ನಡಿಗರ ಕಿವಿಗೆ ಮೂರು ಬಾಗಿಲಿನಿಂದ ಒಳಗೆ ಬರುತ್ತದೆ. ವಿಪರ್ಯಾಸವೆಂದರೆ ಕುತ್ತಿಗೆ ತಿರುವಿದಾಗ ನಿಜವಾಗಿ ಅಪಾಯದಲ್ಲಿರುವುದು ಬೋರ್ಡಿನವರು ಹೇಳುವ ನರವಲ್ಲ, ನಾವು ರೂಢಿಯಲ್ಲಿ ನರ ಎನ್ನುವ ಆ ಇನ್ನೊಂದು, ಅಪಧಮನಿ.

ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಅಪಧಮನಿಗಳು ಕುತ್ತಿಗೆಯ ಆರನೆಯ ಕಶೇರುಕದ ರಂಧ್ರದಲ್ಲಿ ಹೊಕ್ಕು, ಸೂಜಿಗೆ ಹೂ ಪೋಣಿಸಿದಂತೆ ಒಂದೊಂದೇ ಮೂಳೆಯ ರಂಧ್ರ ದಾಟಿ ಮೇಲೇರುತ್ತವೆ. ಅಟ್ಲಾಸ್ ತಲುಪಿದಾಗ ಅದರ ಬೆನ್ನ ಮೇಲೆ ಸೊಟ್ಟಗೆ ಬಾಗಿ ತಲೆಬುರುಡೆಯೊಳಗೆ ಹೋಗುತ್ತವೆ. ತಿರುವು ಅತಿ ಹೆಚ್ಚಿರುವ ಜಾಗದಲ್ಲೇ ನಾಳವೂ ಬಾಗಿದೆ. ಅಲ್ಲಿ ಒಳಗೋಡೆ ಸಣ್ಣದಾಗಿ ಹರಿದರೆ ರಕ್ತ ಗೋಡೆಯ ಪದರಗಳ ನಡುವೆ ನುಗ್ಗುತ್ತದೆ, ಹೆಪ್ಪುಗಟ್ಟುತ್ತದೆ, ಹೆಪ್ಪಿನ ಚೂರು ಮೆದುಳಿಗೆ ಹೋಗಿ ಕೂರುತ್ತದೆ. ಅದೇ ಪಾರ್ಶ್ವವಾಯು. ಮೂವತ್ತು ನಲವತ್ತರ ಗಟ್ಟಿಮುಟ್ಟಿನವರಿಗೆ ಬರುವ ಪಾರ್ಶ್ವವಾಯುವಿನಲ್ಲಿ ಈ ಸೀಳು ಒಂದು ಮುಖ್ಯ ಕಾರಣ.

2014ರಲ್ಲಿ ಅಮೆರಿಕದ ಹೃದಯ ಸಂಘ ಮತ್ತು ಪಾರ್ಶ್ವವಾಯು ಸಂಘ ಈ ಬಗ್ಗೆ ಒಂದು ಹೇಳಿಕೆ ಪ್ರಕಟಿಸಿದವು. ಅದರ ಸಾರ: ಇಂಥ ಘಟನೆ ಅಪರೂಪ, ತಿರುವಿದ್ದಕ್ಕೇ ಹರಿಯಿತು ಎಂದು ಸಾಬೀತಾಗಿಲ್ಲ, ಆದರೆ ಎರಡರ ನಡುವೆ ನಂಟು ಕಾಣುತ್ತಿದೆ, ಹಾಗಾಗಿ ತಿರುವುವ ಮೊದಲು ರೋಗಿಗೆ ಆ ಮಾತು ತಿಳಿಸಬೇಕು. ಕೈರೊಪ್ರಾಕ್ಟರುಗಳ ಪರವಾಗಿಯೂ ಒಂದು ಬಲವಾದ ವಾದವಿದೆ. ಕೆನಡಾದ ಆಂಟೇರಿಯೊ ಪ್ರಾಂತ್ಯದ 2008ರ ದೊಡ್ಡ ಅಧ್ಯಯನದಲ್ಲಿ, ಇಂಥ ಪಾರ್ಶ್ವವಾಯುವಿಗೆ ಮುನ್ನ ಸಾಮಾನ್ಯ ವೈದ್ಯರ ಹತ್ತಿರ ಹೋದವರ ಪ್ರಮಾಣವೂ ಅಷ್ಟೇ ಹೆಚ್ಚಿತ್ತು. ಸೀಳು ಮೊದಲೇ ಆಗಿ, ಅದರ ನೋವಿಗೆಂದೇ ಜನ ಯಾರದೋ ಬಾಗಿಲಿಗೆ ಹೋಗುತ್ತಾರೆ ಎಂಬ ವಿವರಣೆ. ಇರಬಹುದು, ಒಪ್ಪುತ್ತೇನೆ. ಆದರೆ ಹಾಗಿದ್ದರೆ ಇನ್ನೂ ಭಯವಾಗಬೇಕು. ಕುತ್ತಿಗೆ ನೋವೆಂದು ಬಂದವರಲ್ಲಿ ಯಾರ ನಾಳ ಆಗಲೇ ಹರಿದಿದೆ ಎಂದು ಗುರುತಿಸಲು ಬಾರದ ಕೈ ಅದೇ ಕುತ್ತಿಗೆಯನ್ನು ತಿರುವಿದರೆ ಏನು ಗತಿ? ವೈದ್ಯರು ಮಾತ್ರೆ ಬರೆದು ಕಳಿಸಿದರೂ ತಿರುವಿ ಕಳಿಸುವುದಿಲ್ಲವಲ್ಲ.

2016ರಲ್ಲಿ ಲಾಸ್ ಏಂಜಲಿಸ್‌ನ 34 ವರ್ಷದ ರೂಪದರ್ಶಿ ಕೇಟಿ ಮೇ ತೀರಿಕೊಂಡಾಗ, ಕೈರೊಪ್ರಾಕ್ಟರ್ ಕುತ್ತಿಗೆ ತಿರುವಿದ್ದರಿಂದ ಅಪಧಮನಿ ಹರಿದದ್ದೇ ಕಾರಣ ಎಂದು ಸಾವಿನ ಕಾರಣ ತನಿಖೆ ಮಾಡುವ ಅಲ್ಲಿನ ಕೊರೋನರ್ ಕಚೇರಿ ದಾಖಲಿಸಿತು. ಅಲ್ಲಿ ದಾಖಲಿಸುವುದಕ್ಕೆ ಒಂದು ಕಚೇರಿ, ಒಂದು ಕಾಲಂ, ಪರವಾನಗಿಯಲ್ಲಿ ಒಂದು ಹೆಸರು ಇತ್ತು. ಇಲ್ಲಿ?

ಇಲ್ಲಿ ನಡೆದದ್ದು ನಿಮಗೂ ನೆನಪಿರಬಹುದು. 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಬಳ್ಳಾರಿಯ 30 ವರ್ಷದ ಒಬ್ಬ ಹೌಸ್‌ಕೀಪಿಂಗ್ ಕೆಲಸಗಾರ ಕ್ಷೌರಕ್ಕೆ ಹೋಗಿದ್ದರು. ಕೊನೆಯಲ್ಲಿ ಬಿಟ್ಟಿಯಾಗಿ ತಲೆ ಮಸಾಜ್, ಅದರ ಕೊನೆಯಲ್ಲಿ ಕುತ್ತಿಗೆಗೊಂದು ತಿರುವು. ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಮಾತು ತೊದಲಿತು, ಎಡಭಾಗದ ಬಲ ಹೋಯಿತು. ಕುತ್ತಿಗೆಯ ರಕ್ತನಾಳ ಹರಿದಿತ್ತು. ಸಕಾಲದ ಚಿಕಿತ್ಸೆಯಿಂದ ಚೇತರಿಸಿಕೊಂಡರು ಎಂಬುದೇ ಸಮಾಧಾನ. 2017ರಲ್ಲಿ ದೆಹಲಿ ಕಡೆಯ ಒಬ್ಬರಿಗೆ ಇಂಥದ್ದೇ ಸಲೂನಿನ ತಿರುವಿನ ನಂತರ ಉಸಿರಾಟವೇ ಕಷ್ಟವಾಯಿತು. ಕುತ್ತಿಗೆಯಿಂದ ಹೊರಟು, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ನರಕ್ಕೆ ಪೆಟ್ಟಾಗಿತ್ತು.

ಕ್ಷೌರಿಕರನ್ನು ದೂರಲು ನನಗೆ ಮನಸ್ಸಿಲ್ಲ. ಕೂದಲು ಕತ್ತರಿಸಿ ಮುಗಿದ ಮೇಲೆ ಗಿರಾಕಿ ತಾನೇ ‘ಒಂದು ಸಲ ಕುತ್ತಿಗೆ ತೆಗೆದುಬಿಡಿ’ ಎಂದು ತಲೆಯೊಪ್ಪಿಸುತ್ತಾನೆ. ನಮ್ಮ ಯಜಮಾನರು ನಲವತ್ತು ವರ್ಷ ಒಪ್ಪಿಸಿದ್ದಾರೆ. ಉಪಚಾರವೆಂದೇ ಮಾಡುವ ಕೆಲಸ ಅದು, ಅದಕ್ಕೆ ದರಪಟ್ಟಿಯಿಲ್ಲ, ಅದು ನರವ್ಯೂಹದ ಚಿಕಿತ್ಸೆ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಅವರಿಗೆ ಬೇಕಿರುವುದು ಒಂದು ತಿಳಿವಳಿಕೆಯ ಮಾತು, ಸವಿತಾ ಸಮಾಜದ ಸಂಘಗಳ ಮೂಲಕ ತಲುಪಿಸಿದರೆ ಒಂದು ತಿಂಗಳ ಕೆಲಸ: ತಲೆಗೆ ಎಣ್ಣೆ ತಿಕ್ಕಿ, ಹೆಗಲು ಒತ್ತಿ, ಕುತ್ತಿಗೆಯನ್ನು ಮಾತ್ರ ತಿರುವಬೇಡಿ. ನನ್ನ ಸಿಟ್ಟು ಇರುವುದು ಗಾಜಿನ ಬಾಗಿಲಿನ ಹಿಂದೆ, ಗೊತ್ತಿದ್ದೂ ಹೇಳದವರ ಮೇಲೆ.

ಕಾನೂನಿನ ವಿಷಯ ನಾನು ಹುಡುಕಿ ಓದಿದಷ್ಟು ಬರೆಯುತ್ತೇನೆ, ತಪ್ಪಿದ್ದರೆ ನಿಮ್ಮ ಅಧಿಕಾರಿಗಳು ತಿದ್ದಲಿ. ನಮ್ಮಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಎಲ್ಲರೂ ಕೆಪಿಎಂಇ ಎನ್ನುವುದು. ಅದರ ವ್ಯಾಖ್ಯೆಯೊಳಗೆ ಫಿಸಿಯೋಥೆರಪಿ ಕೇಂದ್ರಗಳೂ ಬರುತ್ತವೆ. 2024ರಲ್ಲಿ ನಿಮ್ಮ ಇಲಾಖೆಯೇ ನೋಂದಣಿ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯಬೇಕು, ಅಲೋಪಥಿಗೆ ನೀಲಿ ಬಣ್ಣ, ಆಯುರ್ವೇದಕ್ಕೆ ಹಸಿರು ಎಂದು ಆದೇಶಿಸಿತು. ಒಳ್ಳೆಯ ಆದೇಶ. ನಾನು ಹೋದ ಕೇಂದ್ರದ ಬೋರ್ಡು ನೇರಳೆ ಬಣ್ಣದ್ದು. ದೇಶದಲ್ಲಿ ಕೈರೊಪ್ರಾಕ್ಟಿಕ್‌ಗೆ ಶಾಸನಬದ್ಧ ಮಂಡಳಿಯೇ ಇಲ್ಲದಿರುವಾಗ, ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ, ವಾರಾಂತ್ಯದ ಶಿಬಿರದಲ್ಲಿ ಕಲಿತವರೂ, ವಿಡಿಯೊ ನೋಡಿ ಕೈ ಪಳಗಿಸಿಕೊಂಡವರೂ ಒಂದೇ ಬಿಳಿ ಕೋಟು ಹಾಕಿ ಒಂದೇ ಸಾಲಿನಲ್ಲಿ ನಿಲ್ಲಬಹುದು. ಇದರಿಂದ ನಷ್ಟವಾಗುವುದು ನನ್ನಂಥವರಿಗೆ ಮಾತ್ರವಲ್ಲ, ಆ ಸಾಲಿನ ಮೊದಲನೆಯವರಿಗೂ. ಅವರು ಈ ಪತ್ರಕ್ಕೆ ಸಹಿ ಹಾಕಬೇಕು ಎಂದು ನನ್ನ ಅಪೇಕ್ಷೆ.

ಜಾಹೀರಾತಿನ ಕಥೆ ಇನ್ನೂ ಸ್ವಾರಸ್ಯದ್ದು. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ರಕ್ತದೊತ್ತಡ ಇದೆ, ಪಾರ್ಶ್ವವಾಯು ಇದೆ, ಮೂರ್ಛೆ ಇದೆ, ಪಾಮರ್ ಸಾಹೇಬರ ಕಿವುಡುತನವೂ ಇದೆ. ಇವನ್ನು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವಂತಿಲ್ಲ. ತಾಯಿತ, ಮಂತ್ರ, ಕವಚಗಳ ಜಾಹೀರಾತೂ ಕೊಡುವಂತಿಲ್ಲ. ಕೈಯನ್ನು ಮಾತ್ರ ಆ ಕಾಯ್ದೆ ಹೆಸರಿಸಿಲ್ಲ. ತಾಯಿತ ಕಟ್ಟಿ ಬಿಪಿ ಇಳಿಸುತ್ತೇನೆ ಎಂದರೆ ಅಪರಾಧ, ಅಟ್ಲಾಸ್ ತಿರುವಿ ಬಿಪಿ ಇಳಿಸುತ್ತೇನೆ ಎಂದರೆ ರೀಲ್ಸ್. ಬಿಪಿ ಬಗ್ಗೆ ಅವರು ತೋರಿಸುವ ಅಧ್ಯಯನವನ್ನೂ ನೋಡಿದೆ. 2007ರಲ್ಲಿ ಪ್ರಕಟವಾದದ್ದು, 50 ಜನರ ಮೇಲೆ, ಎಂಟು ವಾರ; ಹಗುರವಾಗಿ ಒತ್ತುವ ಪಂಥದ್ದು. ಮೇಲಿನ ಅಂಕಿ 17ರಷ್ಟು ಇಳಿಯಿತು ಎಂದಿದೆ. ಅದನ್ನು ನಡೆಸಿದವರೇ ಪೈಲಟ್ ಅಧ್ಯಯನ, ಅಂದರೆ ದೊಡ್ಡ ಅಧ್ಯಯನಕ್ಕೆ ಮುಂಚಿನ ಸಣ್ಣ ಪರೀಕ್ಷೆ, ಎಂದು ಕರೆದುಕೊಂಡಿದ್ದರು. 50 ಜನರನ್ನು ನಂಬಿ ಮಾತ್ರೆ ಬಿಟ್ಟವರಿಗೆ ಯಾರು ಹೊಣೆ? ಬ್ರಿಟನ್ನಿನ ಕೈರೊಪ್ರಾಕ್ಟಿಕ್ ಮಂಡಳಿಯೇ 2010ರಲ್ಲಿ, ಮೂಳೆ ಜರುಗಿ ರೋಗ ಬರುತ್ತದೆ ಎಂಬುದು ಚಾರಿತ್ರಿಕ ಕಲ್ಪನೆ, ಅದು ರೋಗದ ಕಾರಣ ಎಂದು ಹೇಳಿಕೊಳ್ಳಲು ಸಂಶೋಧನೆಯ ಆಧಾರವಿಲ್ಲ ಎಂದು ತನ್ನ ಸದಸ್ಯರಿಗೆ ತಿಳಿಸಿತ್ತು. ಅಲ್ಲಿ ಹೇಳಲಾಗದ ಮಾತನ್ನು ಇಲ್ಲಿ ಬೋರ್ಡಿನ ಮೇಲೆ ಬರೆಯಬಹುದು.

ಹಸುಗೂಸುಗಳ ವಿಷಯ ಒಂದೇ ಮಾತು. ಆಸ್ಟ್ರೇಲಿಯದ ವಿಕ್ಟೋರಿಯ ಸರ್ಕಾರ 2019ರಲ್ಲಿ, ಎರಡು ವಾರದ ಮಗುವಿನ ಬೆನ್ನಿಗೆ ಚಿಕಿತ್ಸೆ ಕೊಡುವ ವಿಡಿಯೊ ಹೊರಬಂದ ಮೇಲೆ ಪರಿಶೀಲನೆ ನಡೆಸಿತು. ಹಾನಿಯ ಪುರಾವೆ ಹೆಚ್ಚು ಸಿಗಲಿಲ್ಲ, ಪ್ರಯೋಜನದ ಪುರಾವೆಯೂ ಸಿಗಲಿಲ್ಲ. ಪ್ರಯೋಜನವಿಲ್ಲದ್ದನ್ನು ಮಾತು ಬಾರದವರ ಮೇಲೆ ಮಾಡುವುದು ಬೇಡ. ನಮ್ಮಲ್ಲೂ ಈಗ ಎಳೆಗೂಸಿನ ಅಳು, ಹಾಲು ಕುಡಿಯದಿರುವುದು, ಎಲ್ಲಕ್ಕೂ ಕುತ್ತಿಗೆಯೇ ಮೂಲ ಎಂಬ ಮಾತು ತಾಯಂದಿರ ವಾಟ್ಸ್ಆ್ಯಪ್‌ಗೆ ಬರತೊಡಗಿದೆ. ಎಣ್ಣೆ ನೀರು ಹಾಕುವ ಅಜ್ಜಿಯಂದಿರು ಕೂಸಿನ ಕತ್ತಿಗೆ ಅಂಗೈ ಕೊಟ್ಟೇ ಎತ್ತುವುದು ಸುಮ್ಮನೆ ಅಲ್ಲ.

ನಾನು ಕೇಳುತ್ತಿರುವುದು ನಿಷೇಧವಲ್ಲ. ನಿಷೇಧಿಸಿದರೆ ಬೋರ್ಡು ಬದಲಾಗುತ್ತದೆ, ಕೈ ಬದಲಾಗುವುದಿಲ್ಲ. ದುಡ್ಡು ತೆಗೆದುಕೊಂಡು ಇನ್ನೊಬ್ಬರ ಕುತ್ತಿಗೆಯ ಕೀಲನ್ನು ತಿರುವುವ ಯಾವುದೇ ಜಾಗ, ಅದರ ಹೆಸರು ಕ್ಲಿನಿಕ್ ಇರಲಿ, ವೆಲ್‌ನೆಸ್ ಇರಲಿ, ಸ್ಟುಡಿಯೊ ಇರಲಿ, ಕೆಪಿಎಂಇ ನೋಂದಣಿಯೊಳಗೆ ಬರಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ. ತಿರುವುವವರ ಹೆಸರು ಮತ್ತು ಓದು ರಸೀದಿಯಲ್ಲಿ ಅಚ್ಚಾಗಲಿ. ತೊಂದರೆಯಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ದೂರು ಕೊಡಬಹುದು ಎಂಬ ಸಾಲು ಗೋಡೆಯ ಮೇಲಿರಲಿ. ಆಸ್ಪತ್ರೆಗಳ ಪಾರ್ಶ್ವವಾಯು ವಿಭಾಗಗಳಲ್ಲಿ ‘ಇತ್ತೀಚೆಗೆ ಕುತ್ತಿಗೆ ತಿರುವಿಸಿಕೊಂಡಿದ್ದಿರಾ?’ ಎಂಬ ಪ್ರಶ್ನೆಯನ್ನು ಕೇಸ್ ಪೇಪರಿನಲ್ಲಿ ಸೇರಿಸಿ, ಉತ್ತರಗಳನ್ನು ಒಂದೆಡೆ ಕೂಡಿಸಿ. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನಲ್ಲಿ ಇದು ಕಷ್ಟವಾಗಬಾರದು. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆಯೇ ಎಂಬುದು ಆ ಲೆಕ್ಕದಿಂದಲೇ ಗೊತ್ತಾಗಲಿ.

ಮತ್ತೆ ಒಪ್ಪಿಗೆ ಪತ್ರ. ಅದು ಕನ್ನಡದಲ್ಲಿರಬೇಕು, ನ್ಯಾಯಾಲಯದ ಕನ್ನಡದಲ್ಲಲ್ಲ. ನಿಮ್ಮ ಅಧಿಕಾರಿಗಳಿಗೆ ಕೆಲಸ ಕಡಿಮೆಯಾಗಲಿ ಎಂದು ನಾನೇ ಒಂದು ಕರಡು ಬರೆದಿದ್ದೇನೆ. ಪಕ್ಕದ ಮನೆಯ ಹೂವಿನ ವ್ಯಾಪಾರಿಗೆ ಓದಿ ಹೇಳಿದೆ, ಆಕೆಗೆ ಒಂದೇ ಸಲಕ್ಕೆ ಅರ್ಥವಾಯಿತು.

‘ನಿಮ್ಮ ಕುತ್ತಿಗೆಯನ್ನು ನಾವು ವೇಗವಾಗಿ ತಿರುವಲಿದ್ದೇವೆ. ಇದರ ನಂತರ ಬಹಳ ಅಪರೂಪಕ್ಕೆ ಕುತ್ತಿಗೆಯ ರಕ್ತನಾಳ ಹರಿದು ಲಕ್ವ ಹೊಡೆದದ್ದುಂಟು. ತಿರುವದೆಯೂ ಮೆಲ್ಲಗೆ ಚಿಕಿತ್ಸೆ ಕೊಡಬಹುದು, ಬೇಕಾದರೆ ಕೇಳಿ. ಇದರಿಂದ ಬಿಪಿ, ಸಕ್ಕರೆ, ಮೂರ್ಛೆ ರೋಗ ಗುಣವಾಗುವುದಿಲ್ಲ. ನಿಮ್ಮ ಮಾತ್ರೆ ಬಿಡಬೇಡಿ. ನಂತರ ಹಿಂದೆಂದೂ ಬಾರದಂಥ ಕುತ್ತಿಗೆ ನೋವು ಅಥವಾ ತಲೆನೋವು, ತಲೆಸುತ್ತು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡೆ ತೂರಾಡುವುದು, ಮುಖದ ಒಂದು ಬದಿ ಜೋಮು, ಇವುಗಳಲ್ಲಿ ಏನೇ ಬಂದರೂ ನಮಗೆ ಫೋನ್ ಮಾಡಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ; ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯಷ್ಟೇ ಕಾಲಾವಕಾಶ. ತಿರುವುವವರ ಹೆಸರು: ______. ಓದು: ______. ನೋಂದಣಿ ಸಂಖ್ಯೆ: ______.’

ನನ್ನ ಎಕ್ಸ್‌ರೇ, ಅದರ ಮೇಲಿನ ಕೆಂಪು ಗೆರೆಗಳ ಸಮೇತ, ಭದ್ರವಾಗಿ ಇಟ್ಟಿದ್ದೇನೆ. ಇಲಾಖೆಯ ತಜ್ಞರು ನೋಡಬೇಕೆಂದರೆ ತಂದು ತೋರಿಸುತ್ತೇನೆ. ಪ್ಯಾಕೇಜಿನಲ್ಲಿ ಇನ್ನೂ 22 ಸಿಟ್ಟಿಂಗ್ ಬಾಕಿ ಇವೆ ಎಂದು ಆ ಕೇಂದ್ರದಿಂದ ಪ್ರತಿ ಸೋಮವಾರ ಸಂದೇಶ ಬರುತ್ತಿದೆ.

ಇತಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಶಿಕ್ಷಕಿ
ಹಾಸನ ಜಿಲ್ಲೆ